ಎಂಟು ಹಿಡಿ ಶೇಂಗಾ

ತಾತ ಎರಡನೇ ಚರಿಗೆ ನೀರನ್ನೂ ಕುಡಿದು ಮುಗಿಸಿದ. ಕಣ್ಣಲ್ಲಿ ನೀರು, ಮೂಗಲ್ಲೂ ನೀರು. ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡು, ಏನೂ ಆಗದವನ ಹಾಗೆ ಮತ್ತೊಂದು ತುಂಡು ರೊಟ್ಟಿ ಮುರಿದ.

"ಹಿಂಡಿ ಹೆಂಗಾಗೈತಿ ತಾತಾ?" ಗ್ಯಾನಮ್ಮ ಕೇಳಿದಳು.

"ಚೊಲೋ ಆಗೈತಿ ಬೇ."

"ಮತ್ಯಾಕ ಅಳಾಕತ್ತೀ?"

"ಒಲಿ ಹೊಗಿ," ಎಂದ ತಾತ.

ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಗ್ಯಾನಮ್ಮ ತಾನು ಕುಟ್ಟಿದ ಆ ಚಟ್ನಿಪುಡಿಯನ್ನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡಳು. ಕಿವಿಯವರೆಗೂ ಉರಿಯಿತು. ಉಪ್ಪೂ ಜಾಸ್ತಿ. ಅವ್ವನ ಶೇಂಗಾ ಹಿಂಡಿ ಎಲ್ಲಿ, ಇದೆಲ್ಲಿ?

ಮುದುಕಪ್ಪ ತಾತ ಇರುವುದೇ ಹೀಗೆ. ಕುರಿ ಮೇಯಿಸಿಕೊಂಡು ಬಂದು ತಾನೇ ರೊಟ್ಟಿ ಬಡಿಯುತ್ತಾನೆ. ಅದು ರೊಟ್ಟಿಯೋ ಮಣೆಯೋ ಹೇಳುವುದು ಕಷ್ಟ. ಮೊಮ್ಮಗಳು ಏನು ಮಾಡಿದರೂ 'ಚೊಲೋ' ಅನ್ನುತ್ತಾನೆ. ಅವ್ವನಾಗಿದ್ದರೆ ಒಂದು ಚೂರು ನೆಕ್ಕಿ, ತಪ್ಪೇನು ಎಂದು ಹೇಳಿಬಿಡುತ್ತಿದ್ದಳು.

ಆದರೆ ಅವ್ವ ಯಮನಮ್ಮ ಇದ್ದುದು ತುರ್ವಿಹಾಳದಲ್ಲಿ. ಭತ್ತದ ಕೊಯ್ಲಿಗೆಂದು ಪಾಮನಕಲ್ಲೂರಿನ ಎಷ್ಟೋ ಮನೆಯವರು ಅಲ್ಲಿಗೆ ಹೋಗಿದ್ದರು. ಅಪ್ಪನೂ ಹೋಗಿದ್ದ. ಎರಡು ವರ್ಷದ ತಮ್ಮ ಬಾಲಪ್ಪ ಅವ್ವನ ಕಂಕುಳಲ್ಲಿ ಕೂತು, ಕೈ ಬೀಸುತ್ತ ಹೋಗಿದ್ದ. ಗ್ಯಾನಮ್ಮ ಮಾತ್ರ ಉಳಿದಳು. "ನೀ ಸಾಲಿ ತಪ್ಪಿಸಬ್ಯಾಡ," ಎಂದಿದ್ದಳು ಅವ್ವ.

ಶಾಲೆಯೇನೋ ಇತ್ತು, ಶಾಲೆಯಲ್ಲಿ ಗೆಳತಿಯರಿರಲಿಲ್ಲ. ಐದನೇ ಕ್ಲಾಸಿನ ಉಳಿದ ಐದು ಹುಡುಗಿಯರೂ ಅಪ್ಪ ಅವ್ವನ ಜೊತೆ ಟ್ರ್ಯಾಕ್ಟರ್ ಹತ್ತಿದ್ದರು. ಸರ್ ಹಾಜರಿ ಕೂಗುವಾಗ ಐದು ಹೆಸರಿಗೆ ಉತ್ತರವೇ ಬರುತ್ತಿರಲಿಲ್ಲ. ಆಟದ ಪೀರಿಯಡ್‌ನಲ್ಲಿ ಗ್ಯಾನಮ್ಮ ಕುಂಟೆಬಿಲ್ಲೆಯ ಗೆರೆ ಎಳೆದು, ಒಬ್ಬಳೇ ಆಡಿ, ಒಬ್ಬಳೇ ಗೆದ್ದು, ಬೇಜಾರಾಗಿ ಗೆರೆಗಳನ್ನು ಕಾಲಿನಿಂದ ಅಳಿಸಿಬಿಡುತ್ತಿದ್ದಳು.

ಮನೆಗೆ ಬಂದರೆ ಬೀಗ. ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು ಬಳಿದು, ಬಾಗಿಲ ಪಕ್ಕ ಸುಣ್ಣದಲ್ಲಿ ಅದ್ದಿದ ಕೈಯ ಅಚ್ಚು ಒತ್ತುವುದು ಆ ಮನೆಯ ಪದ್ಧತಿ. ಅವ್ವ ಒತ್ತಿದ ಬಿಳೀ ಕೈ ಅಲ್ಲಿತ್ತು. ದಿನಾ ಸಂಜೆ ಅದನ್ನು ನೋಡಿಕೊಂಡೇ ಅವಳು ಬೀಗ ತೆಗೆಯುತ್ತಿದ್ದಳು.

ಇವತ್ತು ಬೆಳಗ್ಗೆ ಮಸ್ತಾನಸಾಬ ಬಂದಿದ್ದ. ಕೂಲಿಯವರನ್ನು ತುರ್ವಿಹಾಳಕ್ಕೆ ಕರೆದೊಯ್ದ ಟ್ರ್ಯಾಕ್ಟರ್ ಅವನದೇ. ವಾರಕ್ಕೊಮ್ಮೆ ಊರಿಗೆ ಬಂದು ಮರುದಿನ ವಾಪಸ್ ಹೋಗುತ್ತಾನೆ.

"ನಿಮ್ಮವ್ವ ಹೇಳಿ ಕಳಿಸ್ಯಾಳವಾ. ಅಲ್ಲಿ ಮೂರು ಹೊತ್ತೂ ಅನ್ನ. ಬಾಯಿ ಸಪ್ಪಗಾಗೈತಂತ. ಡಬ್ಬ್ಯಾಗಿಂದು ಸ್ವಲ್ಪ ಶೇಂಗಾ ಹಿಂಡಿ ಕಟ್ಟಿಕೊಡಬೇಕಂತ. ನಾಳೆ ಮುಂಜಾನಿ ಹೊಂಡತೀನಿ, ತಯಾರ ಇಡು."

"ಹೂಂರಿ ಕಾಕಾ," ಎಂದಿದ್ದಳು ಗ್ಯಾನಮ್ಮ.

ಡಬ್ಬಿಯಲ್ಲಿ ಹಿಂಡಿ ಎಲ್ಲಿತ್ತು? ಅವ್ವ ತುಂಬಿಸಿಟ್ಟು ಹೋಗಿದ್ದ ಡಾಲ್ಡಾ ಡಬ್ಬಿ ಮೂರು ದಿನದ ಹಿಂದೆಯೇ ಖಾಲಿ. ತಳದಲ್ಲಿ ಉಳಿದಿದ್ದನ್ನು ಗ್ಯಾನಮ್ಮ ಬೆರಳಲ್ಲಿ ಸವರಿ ನೆಕ್ಕಿದ್ದಳು. ಅವ್ವ ಇಷ್ಟು ದಿನದಲ್ಲಿ ಕೇಳಿದ್ದು ಇದೊಂದೇ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಶಾಲೆ ಬಿಟ್ಟ ಕೂಡಲೇ ಓಡಿ ಬಂದು ಒಲೆ ಹಚ್ಚಿದ್ದಳು.

ಹೇಗೆ ಮಾಡಬೇಕು ಎಂಬುದು ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿತ್ತು. ಹೊರಡುವ ದಿನ ಅವ್ವ ಗಂಟು ಕಟ್ಟುತ್ತ ಹೇಳಿದ್ದಳು, ಇವಳು ಬರೆದುಕೊಂಡಿದ್ದಳು. 'ಶೇಂಗಾ ನಾಕು ಹಿಡಿ, ಸಣ್ಣ ಉರೀಲೆ ಹುರೀಬೇಕು. ಒಣ ಮೆಣಸಿನಕಾಯಿ ಹನ್ನೆರಡು. ಬಳ್ಳೊಳ್ಳಿ ಗಡ್ಡಿ ಒಂದು. ಜೀರಿಗಿ ಒಂದು ಚಮಚ. ಉಪ್ಪು ಒಂದು ಚಮಚ. ಒಳಕಲ್ಲಾಗ ಕುಟ್ಟಬೇಕು.'

ತಾತ ಉಂಡು, ಕುರಿಗಳನ್ನು ನೋಡಿ ಬರಲು ಹೋದ. ಗ್ಯಾನಮ್ಮ ಆ ಪುಟದ ಮೇಲೆ ಬೆರಳಿಟ್ಟು ಮತ್ತೆ ಓದಿದಳು. ಒಲೆಯ ಪಕ್ಕ ಬಿದ್ದಿದ್ದ ಮೆಣಸಿನಕಾಯಿ ತೊಟ್ಟುಗಳನ್ನು ಎಣಿಸಿದಳು. ಹನ್ನೆರಡೇ ಇದ್ದವು. ಬೆಳ್ಳುಳ್ಳಿಯೂ ಒಂದೇ ಗಡ್ಡೆ. ಶೇಂಗಾ ಹಾಕಿದ್ದೂ ನಾಲ್ಕೇ ಹಿಡಿ. ಚಮಚ ಅದೇ ಚಮಚ. ಎಲ್ಲ ಸರಿಯಾಗಿತ್ತು, ಹಿಂಡಿಯೊಂದನ್ನು ಬಿಟ್ಟು.

ಹಾಗಾದರೆ ಅವ್ವ ಏನನ್ನೋ ಹೇಳದೇ ಹೋಗಿದ್ದಾಳೆ. ಬಾಲಪ್ಪನ ಕುಲಾಯಿ ಮರೆಯಲಿಲ್ಲ, ಅವನ ಗಿಲಕಿ ಮರೆಯಲಿಲ್ಲ. ತನಗೆ ಹೇಳುವುದನ್ನು ಮಾತ್ರ ಮರೆತಳು.

ಗ್ಯಾನಮ್ಮನಿಗೆ ತುಂಬಾ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಕಣ್ಣೊರೆಸಿಕೊಂಡಳು. ಖಾರದ ಕೈ! ಕಣ್ಣು ಬಿಡಲಾಗದೆ, ಗೋಡೆ ಹಿಡಿದು ತಡಕಾಡುತ್ತ ಬಾಗಿಲಾಚೆಯ ನೀರಿನ ಹಂಡೆಯ ಹತ್ತಿರ ಬಂದಳು. ಬಲಗೈಯಿಂದ ಮುಖಕ್ಕೆ ನೀರು ಎರಚಿಕೊಂಡಳು. ಎಡಗೈ ಗೋಡೆಗೆ ಆತಿತ್ತು.

ಕಣ್ಣು ಬಿಟ್ಟಾಗ, ಆ ಎಡಗೈ ಅವ್ವನ ಸುಣ್ಣದ ಕೈ ಮೇಲೆಯೇ ಇತ್ತು.

ತೆಗೆಯಲು ಹೋದವಳು ತೆಗೆಯಲಿಲ್ಲ. ತನ್ನ ಬೆರಳು ಮುಗಿದ ಮೇಲೂ ಅವ್ವನ ಬೆರಳು ಇನ್ನೂ ಇತ್ತು. ಅಂಗೈಯ ಸುತ್ತಲೂ ಬಿಳೀ ಅಂಚು ಕಾಣುತ್ತಿತ್ತು. ಅವ್ವನ ಕೈಯೊಳಗೆ ತನ್ನ ಕೈ ಪೂರ್ತಿ ಹಿಡಿಸಿತ್ತು.

ಗ್ಯಾನಮ್ಮ ಮುಷ್ಟಿ ಕಟ್ಟಿ ನೋಡಿದಳು. ಎಷ್ಟು ಸಣ್ಣದು. ಮೆಣಸಿನಕಾಯಿ ಯಾರು ಎಣಿಸಿದರೂ ಹನ್ನೆರಡೇ. ಹಿಡಿ ಹಾಗಲ್ಲ.

ಅವ್ವ ಏನನ್ನೂ ಮರೆತಿರಲಿಲ್ಲ. ಅವಳ ಕೈ ಅವಳ ಜೊತೆ ಹೋಗಿತ್ತು, ಅಷ್ಟೇ.

ಗ್ಯಾನಮ್ಮ ಮತ್ತೆ ಒಲೆ ಹಚ್ಚಿದಳು. ಎರಡು ಹಿಡಿ ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಕುಟ್ಟಿ, ಮೊದಲಿನ ಹಿಂಡಿಗೆ ಬೆರೆಸಿ ನೆಕ್ಕಿದಳು. ಖಾರ ಇನ್ನೂ ಇತ್ತು. ಇನ್ನೆರಡು ಹಿಡಿ ಹಾಕಿದಳು. ಈ ಸಲ ನಾಲಿಗೆಯ ಮೇಲೆ ಮೊದಲು ಶೇಂಗಾ ಬಂತು, ಆಮೇಲೆ ಬೆಳ್ಳುಳ್ಳಿ, ಎಲ್ಲಕ್ಕಿಂತ ಕೊನೆಗೆ ಖಾರ. ಅವ್ವನ ಹಿಂಡಿಯಲ್ಲೂ ಹಾಗೆಯೇ ಬರುತ್ತಿತ್ತು.

ತಾತ ಬಂದು ಒಂದು ಚಿಟಿಕೆ ತಿಂದ. 'ಚೊಲೋ' ಅನ್ನಲಿಲ್ಲ. ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದುಕೊಂಡು ಕೂತ. ನೀರನ್ನೂ ಕೇಳಲಿಲ್ಲ.

ಬೆಳಗ್ಗೆ ಮಸ್ತಾನಸಾಬ ಡಾಲ್ಡಾ ಡಬ್ಬಿಯನ್ನು ಸೀಟಿನ ಪಕ್ಕ ಇಟ್ಟುಕೊಂಡ. "ನಿಮ್ಮವ್ವಗ ಏನರ ಹೇಳಬೇಕೇನವಾ?"

ಹೇಳುವುದು ಬಹಳ ಇತ್ತು. ಕುಂಟೆಬಿಲ್ಲೆ, ಹಾಜರಿ, ದಿನಾ ಸಂಜೆಯ ಬೀಗ. ಟ್ರ್ಯಾಕ್ಟರ್ ಸದ್ದಿನಲ್ಲಿ ಅದನ್ನೆಲ್ಲ ಕೂಗಿ ಹೇಳಲಾಗುತ್ತಿರಲಿಲ್ಲ.

"ಶೇಂಗಾ ಎಂಟು ಹಿಡಿ ಹಾಕೀನಿ ಅಂತ ಹೇಳ್ರಿ."

"ಅಷ್ಟ ಏನು?"

"ಅಷ್ಟರೀ. ಅಕಿಗೆ ತಿಳೀತೈತಿ."

ಟ್ರ್ಯಾಕ್ಟರ್ ಹೋಯಿತು. ರಸ್ತೆಯಲ್ಲಿ ಧೂಳು ಇಳಿಯುವವರೆಗೂ ಗ್ಯಾನಮ್ಮ ನಿಂತೇ ಇದ್ದಳು. ಇನ್ನು ಶಾಲೆಗೆ ಹೋಗಬೇಕು, ಖಾಲಿ ಸಾಲಿನಲ್ಲಿ ಕೂರಬೇಕು.

ಮಧ್ಯಾಹ್ನ ಅವ್ವ ಗದ್ದೆಯ ಬದುವಿನ ಮೇಲೆ ಡಬ್ಬಿ ತೆಗೆಯುತ್ತಾಳೆ. ಅನ್ನದ ಮೇಲೆ ಹಿಂಡಿ ಹಾಕಿಕೊಳ್ಳುತ್ತಾಳೆ. ಮಸ್ತಾನಸಾಬ ಹೇಳಿದ್ದನ್ನು ಕೇಳಿ, "ಎಂಟ್ಯಾಕ, ನಾನು ನಾಕ ಹೇಳಿದ್ದೆ," ಎನ್ನುತ್ತಾಳೆ. ಆಮೇಲೆ ತನ್ನ ಕೈಯನ್ನು ನೋಡಿಕೊಳ್ಳುತ್ತಾಳೆ.