ದಯವಿಟ್ಟು ಕಂಪ್ಯೂಟರ್ ಆಫ್ ಮಾಡಬೇಡಿ

"ಮುಟ್ಟಬೇಡಿ!"

ಬಾಗಿಲ ಕಡೆಯಿಂದ ಬಂದ ಆ ಕೂಗಿಗೆ ಅವಳ ಬೆರಳು ಮೌಸಿನ ಮೇಲೆಯೇ ಮರಗಟ್ಟಿತು.

ತಿರುಗಿ ನೋಡಿದಳು. ಹೆಗಲಿಗೆ ಚೀಲ, ಮೆಟ್ಟಿಲು ಓಡಿ ಹತ್ತಿದ ಏದುಸಿರು... ಗುರುತಿಲ್ಲ, ಪರಿಚಯವಿಲ್ಲ. ತನ್ನ ಮನೆಗೆ ಬಂದು ತನಗೇ ಗದರುತ್ತಿದ್ದಾನಲ್ಲ ಈ ಮನುಷ್ಯ!

"ಯಾರ್ರೀ ನೀವು?"

"ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ಬಂದಿದ್ದೀನಿ. ಬೆಳಗ್ಗೆ ಫೋನ್ ಮಾಡಿದ್ದು ನೀವೇ ಅಲ್ವಾ? ಮೊದಲು ಆ ಕೈ ತೆಗೀರಿ... ನಿಧಾನಕ್ಕೆ."

ಪರದೆಯ ಮೇಲೆ ಎರಡು ದಿನದಿಂದ ಅದೇ ಚೌಕ ಕೂತಿತ್ತು. ‘ನಿಮ್ಮ ಸಿಸ್ಟಮ್ ಹಳೆಯದಾಗಿದೆ. ಈಗಲೇ ಅಪ್‌ಗ್ರೇಡ್ ಮಾಡಿ.’ ಕೆಳಗೆ ಎರಡೇ ದಾರಿ: ‘ಸರಿ’, ‘ಆಮೇಲೆ’. ಅವಳ ಬೆರಳು ‘ಸರಿ’ಯ ಮೇಲಿತ್ತು.

ಅವನು ಬಗ್ಗಿ, ಅವಳ ಕೈಗೆ ತಾಕದಂತೆ ಮೌಸು ತೆಗೆದುಕೊಂಡು ‘ಆಮೇಲೆ’ ಒತ್ತಿದ. ಆಮೇಲೆಯೇ ಉಸಿರು ಬಿಟ್ಟ.

"ಬಾಗಿಲು ಯಾರು ತೆಗೆದ್ರು ನಿಮಗೆ?"

"ಒಬ್ರು ಅಕ್ಕ. ಮಾತಾಡ್ಲಿಲ್ಲ... ಕೈ ತೋರಿಸಿದ್ರು ಅಷ್ಟೆ."

ಅವಳ ಮುಖ ಬಾಡಿತು. ಅಕ್ಕ ಈಗ ಹಾಡಲು ಮಾತ್ರ ಬಾಯಿ ತೆರೆಯುತ್ತಾಳೆ. ಉಳಿದದ್ದಕ್ಕೆಲ್ಲ ಕೈಸನ್ನೆ. ಇರುವ ಧ್ವನಿಯನ್ನು ಹನಿ ಹನಿಯಾಗಿ ಖರ್ಚು ಮಾಡಬೇಕು ಎಂದು ಅಕ್ಕತಂಗಿಯರಿಬ್ಬರೂ ಮಾಡಿಕೊಂಡಿದ್ದ ಕರಾರು ಅದು.

ಅಕ್ಕ ಶಾಲೆಯಲ್ಲಿ ಸಂಗೀತದ ಟೀಚರ್. ಹೆತ್ತವರಿಲ್ಲದ ಮನೆಯಲ್ಲಿ ತನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿಯನ್ನು ಹಾಡಿಯೇ ಎಬ್ಬಿಸಿ, ಹಾಡಿಯೇ ಉಣಿಸಿ ದೊಡ್ಡವಳನ್ನಾಗಿ ಮಾಡಿದವಳು. ತಂಗಿಗೆ ಇಪ್ಪತ್ತೆಂಟು ತುಂಬಿದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿಯೇ.

ಆ ಅಕ್ಕನ ಗಂಟಲಿನಲ್ಲಿ ಒಂದು ಗಂಟು. ‘ತೆಗೆಯಲೇಬೇಕು’ ಎಂದಿದ್ದರು ಡಾಕ್ಟರ್. ‘ಅದು ಎಂಥದ್ದು ಅಂತ ತೆಗೆದ ಮೇಲೆ ಗೊತ್ತಾಗುತ್ತೆ. ಧ್ವನಿ ಹೇಗಿರುತ್ತೋ... ಈಗ ಏನೂ ಹೇಳಕ್ಕಾಗಲ್ಲ.’

ಆಪರೇಷನ್ ಇಪ್ಪತ್ತೊಂದನೇ ತಾರೀಖು. ಇವತ್ತು ಹನ್ನೊಂದು. ಅಕ್ಕ ತಾನೇ ಕಟ್ಟಿದ ಹನ್ನೆರಡು ಹಾಡುಗಳಲ್ಲಿ ರೆಕಾರ್ಡ್ ಆಗಿದ್ದದ್ದು ಮೂರು. ನಾಲ್ಕನೆಯದರ ಮಧ್ಯದಲ್ಲಿ ಕಂಪ್ಯೂಟರ್ ಬೆಳಗ್ಗೆ ಉಸಿರು ಕಟ್ಟಿದಂತೆ ನಿಂತುಬಿಟ್ಟಿತ್ತು.

ಅವನು ಸುತ್ತ ನೋಡಿದ. ಹೊರಗಿನ ಸದ್ದು ಬಾರದಂತೆ ಗೋಡೆಗೆ ಆನಿಸಿದ ಹಾಸಿಗೆಗಳು, ಕಿಟಕಿಗೆ ಮೊಳೆ ಹೊಡೆದ ಕಂಬಳಿ, ಬಟ್ಟೆ ತುಂಬಿದ ಬೀರುವಿನ ಬಾಯಿಗೆ ನಿಲ್ಲಿಸಿದ ಮೈಕು. ಏನೂ ಕೇಳಲಿಲ್ಲ; ಹನ್ನೆರಡು ಹಾಡಿನ ಲೆಕ್ಕ ಅವಳು ಬೆಳಗ್ಗೆ ಫೋನಿನಲ್ಲೇ ಹೇಳಿದ್ದಳು. ಕಂಪ್ಯೂಟರಿನ ಡಬ್ಬ ಬಿಚ್ಚಿ, ಟಾರ್ಚ್ ಬಿಟ್ಟು ಒಳಗಿನ ಬೋರ್ಡನ್ನು ತುಂಬ ಹೊತ್ತು ನೋಡಿದ.

"ಇಲ್ಲಿ ಎರಡು ಬಿಡಿಭಾಗ ಉಬ್ಬಿಕೊಂಡಿವೆ. ಇವತ್ತು ಹೋಗುತ್ತೋ, ತಿಂಗಳು ಬಿಟ್ಟು ಹೋಗುತ್ತೋ... ಹೇಳಕ್ಕಾಗಲ್ಲ."

ಅದೇ ಮಾತು! ಡಾಕ್ಟರ್ ಹೇಳಿದ ಅದೇ ಮಾತು.

"ಅಪ್‌ಗ್ರೇಡ್ ಮಾಡಿದ್ರೆ ಸರಿ ಹೋಗಲ್ವಾ?"

"ಮೈಕಿಂದ ಕಂಪ್ಯೂಟರಿಗೆ ಹೋಗೋ ಈ ಪುಟ್ಟ ಪೆಟ್ಟಿಗೆ ಇದೆಯಲ್ಲ, ಇದನ್ನ ಮಾಡಿದವ್ರು ಯಾವತ್ತೋ ಕೈಬಿಟ್ಟಿದ್ದಾರೆ. ಹೊಸ ಸಿಸ್ಟಮ್ ಇದನ್ನ ಗುರುತೇ ಹಿಡಿಯಲ್ಲ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರೂ ತೆರೆಯೋದು ಅನುಮಾನ."

"ಮಾಡಿದ್ರೆ ಹಾಡು ನಿಲ್ಲುತ್ತೆ, ಮಾಡದಿದ್ರೆ ಕಂಪ್ಯೂಟರೇ ನಿಲ್ಲುತ್ತೆ. ಅತ್ತ ದರಿ, ಇತ್ತ ಪುಲಿ... ಅಷ್ಟೇ ತಾನೆ?"

"ಅಡುಗೆ ಅರ್ಧ ಬೆಂದಿರುವಾಗ ಯಾರಾದ್ರೂ ಒಲೆ ಕಿತ್ತು ಹಾಕ್ತಾರಾ ಮೇಡಂ? ಹನ್ನೆರಡೂ ಮುಗೀಲಿ. ಅಲ್ಲಿವರೆಗೆ ಇದನ್ನ ಹೇಗಾದ್ರೂ ನಡೆಸ್ಕೊಂಡು ಹೋಗೋಣ. ದಿನಾ ಬೆಳಗ್ಗೆ ಅಂಗಡಿ ತೆಗೆಯೋಕೆ ಮುಂಚೆ ಬರ್ತೀನಿ."

ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಗ್ರೇಡ್ ಶುರು ಮಾಡದಿರಲಿ ಎಂದು ಇಂಟರ್ನೆಟ್ಟಿನ ವೈರನ್ನು ಕಿತ್ತು ಸುತ್ತಿ, ಶೆಲ್ಫಿನ ಮೇಲಿಟ್ಟು ಹೋದ.

*ದಿನಾ ಬರ್ತಾನಂತೆ! ಯಾರು ಕರೆದರು ಇವನನ್ನ?* ಎಂದುಕೊಂಡಳು ಪುಟ್ಟಿ. ಮರುದಿನ ಎಂಟು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಮಾತ್ರ, ಯಾಕೋ, ಕನ್ನಡಿಯ ಮುಂದೆ ನಿಂತಿದ್ದಳು...

ಅವನು ಬರುತ್ತಿದ್ದ. ಧೂಳು ಊದುತ್ತಿದ್ದ. ಡಬ್ಬದ ಪಕ್ಕ ನೆಲದ ಮೇಲೆ ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಮೈಮೇಲೆ ಅಂಗೈ ಇಡುತ್ತಿದ್ದ. ಬಿಸಿ ಏರಿದರೆ ಕೈ ಎತ್ತುತ್ತಿದ್ದ. ಪುಟ್ಟಿ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದಳು. ಅಂದಂದಿನ ಹಾಡನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿ ಅವಳ ಕೈಗೇ ಕೊಡುತ್ತಿದ್ದ. ಅಕ್ಕ ಅವನಿಗೆ ‘ರಿಪೇರಿ’ ಎಂದು ಹೆಸರಿಟ್ಟು, ಚೀಟಿಯಲ್ಲಿ ಬರೆದು ತೋರಿಸಿದಳು. ಅವನು ನಕ್ಕ. ಆ ನಗುವಿಗೆ ಪುಟ್ಟಿಯ ಎದೆಯಲ್ಲಿ ಏನೋ ತಪ್ಪಿ ಬಿದ್ದಂತಾಯಿತು.

ಆದರೆ ಆ ಕೋಣೆಯಲ್ಲಿ ಸಂತೋಷಕ್ಕೆ ಜಾಗ ಕಡಿಮೆಯಿತ್ತು.

ಹದಿನಾಲ್ಕರಂದು ಕಂಪ್ಯೂಟರ್ ಎರಡು ಸಲ ನಿಂತಿತು. ಹದಿನಾರರಂದು ನಾಲ್ಕು ಸಲ. ಅಕ್ಕನ ಧ್ವನಿಯೂ ಹಾಗೆಯೇ, ಏರುವ ಕಡೆ ಒಡೆಯುತ್ತಿತ್ತು, ಇಳಿಯುವ ಕಡೆ ಬರೀ ಗಾಳಿ. ಹೆಡ್‌ಫೋನಿನಲ್ಲಿ ತನ್ನ ಹಾಡನ್ನು ತಾನೇ ಕೇಳುವಾಗ ಅಕ್ಕ ಕಣ್ಣು ಮುಚ್ಚುತ್ತಿದ್ದಳು.

"ಇನ್ನೊಂದೇ ಟೇಕ್ ಅಕ್ಕಾ... ಒಂದೇ ಒಂದು!"

ಅಕ್ಕ ಒಮ್ಮೆ ಚೀಟಿ ಬರೆದಳು. *ಪರದೆ ಕೇಳ್ತಾ ಇದೆಯಲ್ಲ, ಹೂಂ ಅಂದುಬಿಡೇ. ಅಪ್‌ಗ್ರೇಡ್ ಮಾಡಿಬಿಡು.*

"ಇನ್ನು ಮೂರೇ ಹಾಡು. ಈಗ ಬೇಡ" ಎಂದು ಪುಟ್ಟಿ ಚೀಟಿಯನ್ನು ಮಡಚಿಟ್ಟಳು. ಅಕ್ಕನ ಮುಖ ನೋಡಲಿಲ್ಲ. ನೋಡಬೇಕಿತ್ತು...

ಹದಿನೆಂಟರ ಬೆಳಗ್ಗೆ ಅವಳು ರಕ್ತಪರೀಕ್ಷೆಯ ರಿಪೋರ್ಟ್ ಕೊಡಲು ಆಸ್ಪತ್ರೆಗೆ ಹೋಗಿದ್ದಳು. ಹತ್ತೂವರೆಗೆ ಮರಳಿದಾಗ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಾತಿಲ್ಲ, ಹಾಡಿಲ್ಲ. ಕಂಪ್ಯೂಟರಿನ ಫ್ಯಾನ್ ಮಾತ್ರ ಎಂದಿಗಿಂತ ಜೋರಾಗಿ, ಗೊರಕೆಯಂತೆ ಎಳೆದಾಡುತ್ತಿತ್ತು.

ಕೋಣೆಯಲ್ಲಿ ಅವನು ನಿಂತಿದ್ದ. ಕೈ ಕೀಬೋರ್ಡಿನ ಮೇಲೆ. ಶೆಲ್ಫಿನ ಮೇಲಿದ್ದ ವೈರು ಈಗ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡಿತ್ತು. ಮೂಲೆಯ ಮಂಚದಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಪರದೆ ಪೂರ್ತಿ ನೀಲಿ.

‘ಅಪ್‌ಗ್ರೇಡ್ ಆಗುತ್ತಿದೆ. ಶೇಕಡ 64. ದಯವಿಟ್ಟು ಕಂಪ್ಯೂಟರ್ ಆಫ್ ಮಾಡಬೇಡಿ.’

"ಯಾರು... ಯಾರು ಒತ್ತಿದ್ದು ಇದನ್ನ?"

ಅವನು ಒಂದು ಕ್ಷಣ ಮಂಚದ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ನಾನೇ."

"ನೀವಾ? ಒಲೆ ಕೀಳಬಾರದು ಅಂದೋರು ನೀವೇ ಅಲ್ವಾ? ಇನ್ನು ಮೂರೇ ದಿನ ಇತ್ತು! ಮೂರು ದಿನ ಕಾಯೋಕಾಗ್ಲಿಲ್ವಾ ನಿಮಗೆ?"

"ತಪ್ಪಾಯ್ತು. ನನಗೆ ಒಂದು ದಿನ ಕೊಡಿ, ಹಳೇದನ್ನ ಮತ್ತೆ..."

"ಒಂದು ಕ್ಷಣಾನೂ ಕೊಡಲ್ಲ! ನಿಮ್ಮನ್ನ ನಂಬಿದ್ದೆ ನಾನು. ದಿನಾ ಬೆಳಗ್ಗೆ ನಿಮ್ಮ ಹೆಜ್ಜೆ ಸದ್ದಿಗೆ ಕಾಯ್ತಾ..." ಮಾತು ಅಲ್ಲೇ ತುಂಡಾಯಿತು. "ಹೋಗಿ. ಇನ್ನು ಈ ಮೆಟ್ಟಿಲು ಹತ್ತಬೇಡಿ."

ಅವನು ಚೀಲ ಎತ್ತಿಕೊಂಡ. ಹೊಸ್ತಿಲಲ್ಲಿ ನಿಂತು, "ಅದು ಮುಗಿಯೋವರೆಗೆ ಆಫ್ ಮಾತ್ರ ಮಾಡಬೇಡಿ" ಎಂದಷ್ಟೇ ಹೇಳಿ ಇಳಿದುಹೋದ.

ಮಧ್ಯಾಹ್ನ ಅದು ಮುಗಿಯಿತು. ಪರದೆ ಹೊಸದಾಗಿ, ಚೊಕ್ಕವಾಗಿ, ಏನೂ ನಡೆಯದಂತೆ ನಗುತ್ತಿತ್ತು. ಮೈಕಿನ ಪೆಟ್ಟಿಗೆಯ ದೀಪ ಹೊತ್ತಲಿಲ್ಲ. ಸಾಫ್ಟ್‌ವೇರ್ ತೆರೆಯಲಿಲ್ಲ. ಡಿಸ್ಕಿನಲ್ಲಿ ಒಂಬತ್ತು ಹಾಡುಗಳ ಹೆಸರು ಸಾಲಾಗಿದ್ದವು. ಆದರೆ ಒಂದೊಂದು ಹಾಡೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ನಾಲ್ಕೈದು ಪದರ. ಆ ಸಾಫ್ಟ್‌ವೇರ್ ಒಂದರಲ್ಲೇ ಅವು ಕೂಡಿ ಹಾಡಾಗುತ್ತಿದ್ದದ್ದು. ಬೀಗದ ಕೈ ಕಳೆದುಹೋದ ಮೇಲೆ ಪೆಟ್ಟಿಗೆ ತುಂಬ ಬಂಗಾರವಿದ್ದರೇನು?

ಅವಳು ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ಹಾಡಿಗಾಗಿ ಅತ್ತಳೋ ಅವನಿಗಾಗಿ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

ಮರುದಿನವಿಡೀ ಅಕ್ಕ ಒಂದು ಚೀಟಿಯನ್ನೂ ಬರೆಯಲಿಲ್ಲ. ತಟ್ಟೆಯಲ್ಲಿಟ್ಟ ಊಟ ತಣ್ಣಗಾಯಿತು. ಸಂಜೆ ನಾಲ್ಕಕ್ಕೆ ಪುಟ್ಟಿ ಆಸ್ಪತ್ರೆಗೆ ಬಟ್ಟೆ ಜೋಡಿಸುತ್ತಿದ್ದಾಗ, ಹಿಂದಿನಿಂದ ಉಬ್ಬಸದಂಥ ಒಂದು ಸದ್ದು.

"ಪುಟ್ಟೀ..."

"ಅಕ್ಕಾ! ಮಾತಾಡಬೇಡ! ಬರಿ, ಚೀಟಿ ತಗೋ..."

"ಇದನ್ನ ಬರೆಯಕ್ಕಾಗಲ್ಲ." ಅಕ್ಕ ಅವಳ ಕೈ ಹಿಡಿದು ಕೂರಿಸಿದಳು. ಪದಗಳು ಒಂದೊಂದೇ, ಕಲ್ಲು ಎಳೆದಂತೆ ಬಂದವು. "ಒತ್ತಿದ್ದು ನಾನು. ವೈರು ಹಾಕಿದ್ದೂ ನಾನೇ. ಅವರು ಬರೋ ಹೊತ್ತಿಗೆ ಶುರುವಾಗಿಬಿಟ್ಟಿತ್ತು."

ಪುಟ್ಟಿ ಅಕ್ಕನ ಕಡೆ ತಿರುಗಿ ಕೂತಳು.

"ಯಾಕಕ್ಕಾ?"

"ಹೆದರಿಕೆ ಕಣೇ. ನಾನು ಸತ್ತೇ ಹೋಗ್ತೀನಿ ಅನ್ನೋ ಹಾಗೆ ದಿನಾ ನನ್ನನ್ನ ಡಬ್ಬಿಗೆ ತುಂಬಿಸಿಡ್ತಾ ಇದ್ದೆ ನೀನು. ನನ್ನ ಧ್ವನಿ ಒಡೆಯೋದನ್ನ ನಾನೇ ಹತ್ತು ಹತ್ತು ಸಲ ಕೇಳಬೇಕು... ಸಾಕು ಅಂತಲೇ ಆ ಚೀಟಿ ಬರೆದದ್ದು, ನೀನು ಕೇಳಲಿಲ್ಲ. ಇದು ನಿಂತ್ರೆ ಹಾಡೋದೂ ನಿಲ್ಲುತ್ತೆ ಅಂತ ಒತ್ತಿಬಿಟ್ಟೆ."

"ಮತ್ತೆ ಅವರು ಯಾಕೆ ತಾನೇ ಅಂತ...?"

"ನಾನೇ ಕೈ ಹಿಡ್ಕೊಂಡು ಅತ್ತೆ. ಆಪರೇಷನ್ ಮುಗಿಯೋವರೆಗೆ ಪುಟ್ಟಿಗೆ ಹೇಳಬೇಡಿ, ನಮ್ಮಿಬ್ಬರ ಮಧ್ಯೆ ಮುನಿಸು ಇಟ್ಕೊಂಡು ಒಳಗೆ ಹೋಗಲಾರೆ ಅಂದೆ. ಅವರು ಮಾತು ಕೊಟ್ಟರು."

ಅಕ್ಕ ಕೆಮ್ಮಿದಳು. ಪುಟ್ಟಿ ಅವಳ ಮಡಿಲಿನಲ್ಲಿ ಮುಖ ಹುದುಗಿಸಿದಳು. "ನಾನು ನೋಡಲೇ ಇಲ್ಲವಲ್ಲ ಅಕ್ಕಾ ನಿನ್ನ ಮುಖಾನ... ಬರೀ ಪರದೆ ಮೇಲಿನ ಮೀಟರ್ ನೋಡ್ತಾ ಕೂತೆ."

ಅಕ್ಕ ‘ಹೋಗು’ ಎಂಬಂತೆ ಬಾಗಿಲು ತೋರಿಸಿದಳು. ಅದು ಕೈಸನ್ನೆ, ಆದರೆ ಪುಟ್ಟಿಗೆ ಅದಕ್ಕಿಂತ ಸ್ಪಷ್ಟವಾದ ಮಾತು ಯಾವತ್ತೂ ಕೇಳಿಸಿರಲಿಲ್ಲ.

ಡಿಸ್ಕನ್ನು ಎದೆಗವಚಿಕೊಂಡು ಓಡಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಬಾರದಿದ್ದರೂ ಸರಿ, ಒಂದು ಕ್ಷಮೆಯನ್ನಾದರೂ ಕೇಳಬೇಕು...

ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಬಗ್ಗಿ ಒಳಹೊಕ್ಕಳು. ಬಿಚ್ಚಿ ಹಾಕಿದ ಯಂತ್ರಗಳ ನಡುವೆ ಅವನು ನೆಲದ ಮೇಲೆ ಕೂತಿದ್ದ. ಎದುರಿಗೆ, ಗುಜರಿಯಿಂದ ತಂದಿದ್ದೆಂದು ನೋಡಿದರೇ ಗೊತ್ತಾಗುವ, ಬಣ್ಣ ಹೋದ ಒಂದು ಕಂಪ್ಯೂಟರ್. ಅದರಲ್ಲಿ ಅವಳಿಗೆ ಚಿರಪರಿಚಿತವಾದ ಆ ಹಳೆಯ ರೆಕಾರ್ಡಿಂಗ್ ಸಾಫ್ಟ್‌ವೇರಿನ ಪರದೆ!

"ಅಕ್ಕ ಹೇಳಿದಳು."

ಅವನು ಗಾಬರಿಯಿಂದ ಎದ್ದ. "ಮಾತಾಡಿದ್ರಾ ಅವರು? ಮಾತಾಡಬಾರದಿತ್ತು..."

"ನಿಮ್ಮನ್ನ ಬೈದೆನಲ್ಲ... ಒಂದು ಮಾತು ವಾಪಸ್ ಆಡಬಾರದಿತ್ತಾ ನೀವು?"

"ಆಡಿದ್ರೆ ನಿಮ್ಮ ಸಿಟ್ಟೆಲ್ಲ ಅವರ ಕಡೆ ತಿರುಗ್ತಿತ್ತು. ನಾನಾದ್ರೆ ಹೊರಗಿನವನು, ಮೆಟ್ಟಿಲಿಳಿದು ಬಂದ್ಬಿಡಬಹುದು. ಅವರು ಎಲ್ಲಿಗೆ ಹೋಗ್ತಾರೆ?"

ಅವಳು ಡಿಸ್ಕನ್ನು ಚಾಚಿದಳು. ಅವನು ಅದನ್ನು ಜೋಡಿಸಿದ. ಮೈಕಿನ ಪೆಟ್ಟಿಗೆ ಬೇಕಿರಲಿಲ್ಲ, ಕೇಳುವುದಷ್ಟೇ ತಾನೆ. ಇಬ್ಬರೂ ಒಂದೇ ಹೆಡ್‌ಫೋನಿನ ಒಂದೊಂದು ಕಿವಿ ಹಿಡಿದು ಕಾದರು. ಹತ್ತು ಸೆಕೆಂಡು. ಇಪ್ಪತ್ತು... ಪರದೆ ಅಲುಗಲಿಲ್ಲ. ಅವಳ ಉಗುರು ಅವನ ತೋಳಿಗೆ ಚುಚ್ಚಿದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಆಮೇಲೆ ಅಕ್ಕ ಹಾಡಿದಳು.

ಒಂಬತ್ತೂ ಹಾಡು. ಪದರ ಪದರವೂ ಹಾಗೇ ಇದ್ದವು.

"ಉಳಿದ ಮೂರು? ನಾಳೆ ಒಂದು ದಿನ ಇದೆ. ಇದನ್ನೇ ನಿಮ್ಮ ಮನೆಗೆ ಹೊತ್ತು ತರ್ತೀನಿ" ಎಂದ ಅವನು.

ಪುಟ್ಟಿ ಹೆಡ್‌ಫೋನ್ ಕೆಳಗಿಟ್ಟಳು. ಈ ಸಲ ನಿರ್ಧಾರ ಅವಳ ಬೆರಳಿನದಲ್ಲ.

"ಬೇಡ. ಅಕ್ಕ ಸಾಕು ಅಂದಿದ್ದಾಳೆ."

ಇಪ್ಪತ್ತೊಂದರಂದು ಆಸ್ಪತ್ರೆಯ ಕಾರಿಡಾರಿನ ಕಬ್ಬಿಣದ ಬೆಂಚಿನಲ್ಲಿ ಅವಳ ಪಕ್ಕ ಅವನಿದ್ದ. ಒಂದು ಗಂಟೆ ಅಂದದ್ದು ಮೂರು ಗಂಟೆಯಾಯಿತು. ನರ್ಸ್ ಒಬ್ಬಳು ಓಡುತ್ತಾ ಹೋದಳು, ಇನ್ನೊಬ್ಬಳು ಓಡುತ್ತಾ ಬಂದಳು. ಯಾರೂ ಏನೂ ಹೇಳಲಿಲ್ಲ. ಪುಟ್ಟಿಯ ಕೈ ಮಂಜಿನಂತೆ ತಣ್ಣಗಿತ್ತು. ಅವನು ಕೇಳದೆಯೇ ಆ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಕೊನೆಗೂ ಡಾಕ್ಟರ್ ಹೊರಬಂದರು. "ಗಂಟು ನಾವು ಅಂದ್ಕೊಂಡಿದ್ದಕ್ಕಿಂತ ಆಳಕ್ಕೆ ಹೋಗಿತ್ತು. ಪೂರ್ತಿ ತೆಗೆದಿದ್ದೀವಿ. ಹತ್ತು ದಿನ ಒಂದಕ್ಷರವೂ ಆಡಬಾರದು."

ಐದನೆಯ ದಿನ ರಿಪೋರ್ಟ್ ಬಂತು. ಕೆಟ್ಟ ಗಡ್ಡೆಯಲ್ಲ. ಜೀವಕ್ಕೆ ಭಯವಿಲ್ಲ. ಧ್ವನಿ? ಅದನ್ನು ಯಾವ ಕಾಗದವೂ ಹೇಳಲಿಲ್ಲ.

ಹತ್ತು ದಿನವೂ ಅವನು ಬಂದ. ಅಕ್ಕ ಮನೆಗೆ ಬಂದ ಮೇಲೆ ಗುಜರಿ ಕಂಪ್ಯೂಟರನ್ನು ಹೊತ್ತು ತಂದು ಒಂಬತ್ತು ಹಾಡುಗಳ ಪದರಗಳನ್ನು ಪುಟ್ಟಿಯೊಂದಿಗೆ ಕೂಡಿಸಿದ. ಅಕ್ಕ ಮಂಚದ ಮೇಲೆ ಕೂತು ಮೌನವಾಗಿ ಕೇಳುತ್ತಿದ್ದಳು. ಮುಖದಲ್ಲಿ ಏನಿತ್ತೋ, ಓದಲಾಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಕೆಲಸ ಮುಗಿಯಿತು. ಅವನು ಚೀಲ ಕಟ್ಟಿ ಬಾಗಿಲಿಗೆ ಬಂದ. ಪುಟ್ಟಿ ಹಿಂದೆಯೇ ಬಂದಳು.

"ಎಲ್ಲ ಮುಗೀತು. ನಾಳೆಯಿಂದ ಬರೋಕೆ ನನಗೆ ಕಾರಣ ಇಲ್ಲ" ಎಂದ ಅವನು, ಚಪ್ಪಲಿಯ ಕಡೆ ನೋಡುತ್ತಾ.

"ಕಾರಣ ಬೇಕಾ?"

"ಬೇಡ್ವಾ? ಏನೂ ಕೆಡದೇ ಇರೋ ಮನೆಗೆ ರಿಪೇರಿಯವನು ದಿನಾ ಯಾಕೆ ಬರ್ತಾನೆ ಅಂತ ಜನ ಕೇಳಿದ್ರೆ ಏನು ಹೇಳ್ತೀರಾ?"

ಪುಟ್ಟಿಯ ಕೆನ್ನೆ ಬಿಸಿಯಾಯಿತು. ಇಷ್ಟು ದಿನ ಸಾವಿಗೆ, ಮೌನಕ್ಕೆ, ಯಂತ್ರಕ್ಕೆ ಹೆದರಿದ್ದವಳು... ಇನ್ನು ಇದಕ್ಕೂ ಹೆದರಬೇಕೇ? ತುಟಿ ಅಲುಗಿದ್ದು ಅವನಿಗೆ ಮಾತ್ರ ಕೇಳುವಷ್ಟು.

"ರಿಪೇರಿಯವನಲ್ಲ, ನನ್ನ ಹುಡುಗ ಅಂತೀನಿ."

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು.

ಆಗ ಒಳಗಿನಿಂದ ಒಂದು ಧ್ವನಿ ಬಂತು. ದಪ್ಪ, ಒರಟು, ಕೆಳಗೆಲ್ಲೋ ಇಳಿದುಹೋದ, ಇಬ್ಬರೂ ಹಿಂದೆಂದೂ ಕೇಳದ ಧ್ವನಿ.

"ಜೋರಾಗಿ ಹೇಳೇ... ಇಲ್ಲಿಗೆ ಕೇಳಿಸಲಿಲ್ಲ!"

ಪುಟ್ಟಿ ಬಾಯಿಗೆ ಕೈ ಒತ್ತಿಕೊಂಡಳು. ಅದು ಅಕ್ಕನ ಹಾಡಿನ ಧ್ವನಿಯಾಗಿರಲಿಲ್ಲ. ಆದರೆ ಆ ಚೇಷ್ಟೆ, ಆ ‘ಹೇಳೇ’... ಅದು ಅಕ್ಕನೇ!

ಅಳುತ್ತಾ, ನಗುತ್ತಾ ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಹುಡುಗ ಅಂದೆ ಅಕ್ಕಾ!" ಎಂದು ಮೆಟ್ಟಿಲವರೆಗೂ ಕೇಳುವಂತೆ ಕೂಗಿದಳು.

"ಹುಡುಗ ಏನಂತಾನೆ?"

ಅವನು ಹೆಗಲಿನ ಚೀಲ ಕೆಳಗಿಟ್ಟ.

"ಹೂಂ ಅಂತಾನೆ ಅಕ್ಕಾ."