ಮೂರನೆಯ ಎಲೆ

"ಸಾರ್, ನಂಗೆ ತಮಿಳ್ ಬತ್ತಿಲ್ಲೆ."

ವೀಕ್ಷಾ ಮೂರನೆಯ ಸಲ ಹಾಗೆಂದಳು. ಗೋಡೆ ಬದಿಯ ಮೇಜಿನಲ್ಲಿ ಕೂತಿದ್ದವನು ಮೂರನೆಯ ಸಲವೂ ತಮಿಳಿನಲ್ಲೇ ಏನನ್ನೋ ಕೇಳಿದ. ಈ ಬಾರಿ ಇನ್ನೂ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ.

ಅವಳಿಗೆ ಸಿಟ್ಟು ಬಂತು. ಅಡಿಗೆಮನೆಯ ಬಾಗಿಲಲ್ಲಿದ್ದ ಚಿಕ್ಕಮ್ಮನ ಕಡೆ ತಿರುಗಿದಳು.

"ಚಿಕ್ಕಮ್ಮ, ಈ ಜನಕ್ಕೆ ಎಂತ ಬೇಕೋ ದೇವರಿಗೇ ಗೊತ್ತ್. ಮೂಗ್ ಕಂಡ್ರೆ ಸೌತೆಕಾಯಿ ಹಾಂಗ್ ಇತ್ತ್, ಮಾತ್ ಒಂದೂ ಅರ್ಥ ಆತ್ತಿಲ್ಲೆ."

ಆತ ತಲೆಯೆತ್ತಿದ. ತನ್ನ ಮೂಗನ್ನು ಬೆರಳಿನಿಂದ ಮುಟ್ಟಿ, ಗಂಭೀರವಾಗಿ ಹೇಳಿದ.

"ತಾತಾ ಮೂಕ್ಕು."

ಅಜ್ಜನ ಮೂಗು... ಅಷ್ಟು ಅವಳಿಗೂ ಅರ್ಥವಾಯಿತು. ಕಿವಿ ಬಿಸಿಯಾಯಿತು. ಚಿಕ್ಕಮ್ಮ ವಿಮಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಅವ್ರಿಗೆ ಕನ್ನಡ ಪೂರಾ ಗೊತ್ತ್ ಹುಡ್ಗಿ. ಗುರುಚರಣ ಅಂದೇಳಿ, ಮನೆಯಂಗೆ ಕನ್ನಡವೇ. ಬಾಯಿ ಮಾತ್ರ ತಮಿಳ್. ಅವ್ರ್ ಕೇಳಿದ್ದ್ ಇನ್ನೊಂಚೂರು ಸಾಂಬಾರು."

ವೀಕ್ಷಾ ಚೆನ್ನೈನ ಅಡ್ಯಾರಿನಲ್ಲಿದ್ದ ಚಿಕ್ಕಪ್ಪನ ಮೆಸ್ಸಿಗೆ ಬಂದು ನಾಲ್ಕು ದಿನವಾಗಿತ್ತು. ಕುಂದಾಪುರದಿಂದ ಒಳಗೆ ಹನ್ನೆರಡು ಮೈಲಿ ದೂರದ ಹಳ್ಳಿಯವಳು. ಡಿಗ್ರಿ ಮುಗಿಸಿ ಅಪ್ಪನ ಜೊತೆ ತರಕಾರಿ ಬೆಳೆಯುತ್ತಿದ್ದಳು. ಚಿಕ್ಕಪ್ಪ ಕೃಷ್ಣರಾಜನಿಗೆ ಮೊಣಕಾಲು ನೋವು ಜೋರಾಗಿ, ಗಲ್ಲಾಪೆಟ್ಟಿಗೆಗೂ ಮಾರ್ಕೆಟ್ಟಿಗೂ ಮನೆಯದೇ ಒಂದು ಜನ ಬೇಕು ಎಂದು ಫೋನ್ ಮಾಡಿದಾಗ, ನಾನು ಹೋಗುತ್ತೇನೆ ಎಂದು ಅವಳೇ ಹೇಳಿದ್ದಳು. ಚೆನ್ನೈ ಅಂದರೆ ದೊಡ್ಡ ಮಂಗಳೂರು ಎಂದುಕೊಂಡಿದ್ದಳು. ಬಂದ ಮೇಲೆ ನೋಡಿದರೆ, ಬಸ್ಸಿನ ಬೋರ್ಡೂ ಓದಲು ಬಾರದ ಬೇರೆಯೇ ದೇಶ.

ಮೆಸ್ಸಿನೊಳಗೆ ಮಾತ್ರ ಏನೂ ಬದಲಾಗಿರಲಿಲ್ಲ. ದೋಸೆ ಹಾಕುವವನಿಂದ ಎಲೆ ಎತ್ತುವವರವರೆಗೆ ಎಲ್ಲರೂ ಊರಿನವರೇ. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದರೂ ಚಿಕ್ಕಮ್ಮ ತಮಿಳು ಕಲಿತಿರಲಿಲ್ಲ.

"ಎಂತಕ್ಕೆ ಕಲಿಬೇಕ್? ಬೇಕಾದ್ದಕ್ಕೆ ಬೆರಳ್ ತೋರ್ಸ್ರೆ ಆಯ್ತ್" ಎನ್ನುತ್ತಿದ್ದರು.

ವೀಕ್ಷಾಗೆ ಅದು ಸರಿಬರಲಿಲ್ಲ. ಇಪ್ಪತ್ತೆರಡು ವರ್ಷ ಬೆರಳು ತೋರಿಸಿಕೊಂಡು ಇರಲು ತನ್ನಿಂದಾಗದು ಎಂದುಕೊಂಡಳು.

ಮೊದಲು ಕಲಿಸಿದ್ದು ಕೋಯಂಬೇಡಿನ ತರಕಾರಿ ಮಾರ್ಕೆಟ್ಟು. ಬೆಳಿಗ್ಗೆ ಚಿಕ್ಕಪ್ಪನ ಜೊತೆ ಹೋದಾಗ, ಬೆಂಡೆಯ ತುದಿ ಮುರಿದು ನೋಡಿದಳು, ಸೋರೆಗೆ ಉಗುರು ಒತ್ತಿದಳು. ವ್ಯಾಪಾರದ ಹೆಂಗಸು ಗದರಿದಳು. ಮರುದಿನ ಅದೇ ಹೆಂಗಸು ಇವಳ ಕೈ ನೋಡಿ, ಒಳ್ಳೆಯ ಬುಟ್ಟಿಯನ್ನು ತಾನೇ ಮುಂದೆ ಎಳೆದು, ಒಂದೊಂದು ಕಾಯಿ ಎತ್ತಿ ಹೆಸರು ಹೇಳಿದಳು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲು ತಿಂಗಳು ಹಿಡಿಯಿತು.

ಎರಡನೆಯ ಮೇಷ್ಟ್ರು ಗುರುಚರಣ. ಊರಿನ ಇನ್ನೊಂದು ಭಾಗವಾದ ಗಿಂಡಿಯಲ್ಲಿ ಆಫೀಸು ಕೆಲಸ. ಸಂಜೆ ಆರೂವರೆಗೆ ಬಂದು ಅದೇ ಗೋಡೆ ಬದಿಯ ಮೇಜಿನಲ್ಲಿ ಒಂದು ರವೆದೋಸೆ, ಒಂದು ಕಾಫಿ. ಸೌತೆಕಾಯಿಯ ಮಾತಿಗೆ ಕ್ಷಮೆ ಕೇಳಿದ ದಿನ ಅವಳೇ ಹೇಳಿದ್ದಳು.

"ನಂಗೆ ತಮಿಳ್ ಕಲಿಸ್ತ್ರಿಯಾ? ಮೂಗಿನ ಸುದ್ದಿ ಇನ್ನ್ ಎತ್ತುದಿಲ್ಲ."

ಆತ ನಕ್ಕು ಒಪ್ಪಿದ. ತಮಿಳಿನಲ್ಲಿ.

ಆಮೇಲೆ ದಿನಾ ಪಾಠ. ಅವನು ತಮಿಳಿನಲ್ಲಿ ಕೇಳುವನು, ಅವಳು ತಡವರಿಸುತ್ತ ಉತ್ತರಿಸುವಳು. ಅವಸರ ಮಾಡಿದಾಗ "ಮೆದುವಾ" ಎನ್ನುವನು. ನಿಧಾನ... ಆ ಒಂದು ಮಾತನ್ನು ಅವನು ಹೇಳುವ ರೀತಿ ಅವಳಿಗೆ ಇಷ್ಟವಾಗುತ್ತಿತ್ತು. ಹಾಗಾಗಿ ಕೆಲವು ಸಲ ಬೇಕೆಂದೇ ಅವಸರ ಮಾಡುತ್ತಿದ್ದಳು.

ಒಂದು ವಿಷಯ ಮಾತ್ರ ಅವಳನ್ನು ಚುಚ್ಚುತ್ತಿತ್ತು. ಐದು ತಿಂಗಳಾದರೂ ಅವನ ಬಾಯಿಂದ ಒಂದು ಕನ್ನಡದ ಮಾತು ಬಂದಿರಲಿಲ್ಲ. ಅವಳು ಕನ್ನಡದಲ್ಲಿ ಏನು ಹೇಳಿದರೂ ಉತ್ತರ ತಮಿಳಿನಲ್ಲೇ.

'ನಮ್ಮ ಭಾಷೆ ಇವರಿಗೆ ಹೊಟೇಲಿನವರ ಭಾಷೆ ಇರಬೇಕು...' ಎಂದುಕೊಳ್ಳುತ್ತಿದ್ದಳು.

ಅವನಿಗೂ ಒಂದು ಕೊರಗಿತ್ತು. ಪ್ರತಿ ಸಂಜೆ ಅವನು ಎದುರಿನ ಕುರ್ಚಿ ತೋರಿಸಿ "ಉಟ್ಕಾರುಂಗ" ಎಂದು ತಮಿಳಿನಲ್ಲಿ ಕೂರಲು ಕರೆಯುವನು. ಪ್ರತಿ ಸಂಜೆ ಅವಳು "ಪರವಾಯಿಲ್ಲೆ" ಎಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇರುವಳು.

ಅದು ಮೆಸ್ಸಿನ ಪದ್ಧತಿ. ಗಿರಾಕಿ ಎಲೆ ಮುಂದೆ ಇರುವ ತನಕ ಮನೆಯವರು ಯಾರೂ ಆ ಹಾಲ್‌ನಲ್ಲಿ ಕೂರುವುದಿಲ್ಲ. ಚಿಕ್ಕಪ್ಪನೂ ಅಷ್ಟೆ, ಮೊಣಕಾಲು ಬಾತರೂ ಗಲ್ಲಾದ ಹಿಂದೆ ನಿಂತೇ ಇರುತ್ತಿದ್ದರು. ಉಣ್ಣುವವರ ಮುಂದೆ ಬಡಿಸುವವರು ಕೂತರೆ, ಇನ್ನೊಂದು ಸಲ ಹಾಕಿ ಎನ್ನಲು ಅವರಿಗೆ ಸಂಕೋಚವಾಗುತ್ತದೆ ಎಂಬುದು ಆ ಮನೆಯ ಲೆಕ್ಕ. ಒಳಗಿನವರಿಗೆ ಇದು ಉಸಿರಾಡಿದಷ್ಟು ಸಹಜ. ಹಾಗಾಗಿ ಹೊರಗಿನವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ನವೆಂಬರಿನ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಗುರುಚರಣ ತನ್ನ ಅಜ್ಜಿಯನ್ನು ಕರೆದುಕೊಂಡು ಬಂದ. ಭೀಮಾಬಾಯಿ. ಎಂಬತ್ತು ದಾಟಿದವರು, ಅವನನ್ನು ಸಾಕಿದವರು. ಒಂಬತ್ತು ಗಜದ ಸೀರೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಚೀಲದ ಬಾಯಿಂದ ಮಲ್ಲಿಗೆಯ ಪರಿಮಳ ಬರುತ್ತಿತ್ತು.

"ನೀನೇನಾ ವೀಕ್ಷಾ? ಇವನು ಮನೇಲಿ ದಿನಾ ಹೇಳ್ತಾನೆ. ಬಾಮ್ಮಾ, ನನ್ನ ಪಕ್ಕ ಒಂದು ಎಲೆ ಹಾಕಿಸ್ಕೋ. ಸೇರಿ ಸಾಪಾಡು ಮಾಡೋಣ."

"ಬೇಡ ಅಮ್ಮ. ನೀವ್ ಊಟ ಮಾಡಿ, ನಾ ಬಡಿಸ್ತೆ."

"ಬಡಿಸಕ್ಕೆ ಜನ ಇದಾರಲ್ಲ. ಕೊಂಜ ಹೊತ್ತು ಕೂತ್ಕೋ."

"ಇಲ್ಲೆ ಅಮ್ಮ. ನಾ ಕೂರುದಿಲ್ಲ."

ಅಜ್ಜಿ ಮೊಮ್ಮಗನ ಮುಖ ನೋಡಿದರು. ಅವನು ಎಲೆ ನೋಡುತ್ತಿದ್ದ.

"ಕಡೇ ಸಲ ಕೇಳ್ತೀನಿ ಮಗೂ. ನಮ್ಮ ಜೊತೆ ಕೂತು ಉಣ್ತೀಯಾ?"

ಅಷ್ಟರಲ್ಲಿ ಪಕ್ಕದ ಸಾಲಿನಿಂದ ಯಾರೋ ರಸಂ ಎಂದು ಕರೆದರು. ವೀಕ್ಷಾ ನಗುತ್ತಲೇ ತಲೆಯಾಡಿಸಿ, ಇಲ್ಲ ಎಂದು ಹೊರಟುಹೋದಳು.

"ಸರಿ" ಎಂದರು ಭೀಮಾಬಾಯಿ. ಚೀಲದ ಬಾಯಿಯನ್ನು ದಾರ ಎಳೆದು ಕಟ್ಟಿದರು.

ಮರುದಿನ ಗುರುಚರಣ ಬರಲಿಲ್ಲ. ಅದರ ಮರುದಿನವೂ ಇಲ್ಲ. ವೀಕ್ಷಾ ಮೆಸೇಜ್ ಮಾಡಿದಳು. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಒಂದು ಸಾಲು ಬಂತು. ಆರೂವರೆಯಾದರೆ ಅವಳ ಕಣ್ಣು ತಾನಾಗಿ ಗೋಡೆ ಬದಿಗೆ ಹೋಗುತ್ತಿತ್ತು. ಆ ಮೇಜಿನಲ್ಲಿ ಬೇರೆ ಯಾರೋ ಇಡ್ಲಿ ತಿನ್ನುತ್ತಿದ್ದರು. ಅವರ ಮೇಲೆ ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು.

'ನನಗೇನಾಗಿದೆ? ಒಬ್ಬ ಗಿರಾಕಿ ಬರದಿದ್ದರೆ ಇಷ್ಟು...'

ಗಿರಾಕಿ ಎಂದು ಮನಸ್ಸಿಗೆ ಹೇಳಿಕೊಂಡದ್ದು ಸುಳ್ಳು ಎಂದು ಅವಳಿಗೆ ಅಲ್ಲಿಯೇ ಗೊತ್ತಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಮಠಕ್ಕೆ ಹೋಗಿದ್ದ ಚಿಕ್ಕಮ್ಮ ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ಭೀಮಾಬಾಯಿ ಸಿಕ್ಕಿದ್ರ್. ಹುಡ್ಗಿ, ಅವ್ರ್ ಅವತ್ತ್ ಬಂದದ್ದ್ ನಿನ್ನ ಕೇಳೂಕೆ."

"ಎಂತ ಕೇಳೂಕೆ?"

"ಮದ್ವಿಗೆ. ಅವ್ರ ಮನೆ ಕ್ರಮ ಹಾಂಗೆ ಅಂಬ್ರ್. ಮೊದ್ಲ್ ಹುಡ್ಗಿಯ ಪಕ್ಕ ಕೂರ್ಸ್ಕಂಡ್ ಉಂಬುಕೆ ಕರೀತ್ರ್. ಕೂತ್ರೆ ಹೂವು ಮುಡ್ಸಿ, ಆಮೇಲೆ ಹಿರಿಯರ ಹತ್ರ ಮಾತ್. ಕೂರ್ದಿದ್ರೆ ಸುಮ್ನೆ ಉಂಡ್ಕಂಡ್ ಹೋತ್ರ್. ಹುಡ್ಗಿಗೆ ಎಲ್ಲರೆದ್ರಿಗೆ ಒಲ್ಲೆ ಅಂಬ ಕಷ್ಟ ಇಲ್ಲೆ. ನೀ ಮೂರ್ ಸಲ ಒಲ್ಲೆ ಅಂದಿ."

ವೀಕ್ಷಾ ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಕೆಳಗಿಟ್ಟಳು.

"ನೀವ್ ಹೇಳ್ಲಿಲ್ಯಾ, ನಮ್ಮಲ್ಲಿ ಕೂರೂ ಕ್ರಮ ಇಲ್ಲೆ ಅಂದೇಳಿ?"

"ಹೇಳ್ತಿದ್ದೆ. ಆದ್ರೆ ನಿನ್ನ ಮನಸ್ಸಂಗೆ ಎಂತ ಇತ್ತ್ ಅಂದೇಳಿ ನಂಗ್ ಹ್ಯಾಂಗ್ ಗೊತ್ತ್? ಅದ್ ನೀನೇ ಹೇಳುದ್."

ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ ಅದು. ಸಂಜೆ ಐದಕ್ಕೆ ವೀಕ್ಷಾ ಒಬ್ಬಳೇ ಬಸ್ಸು ಹತ್ತಿದಳು. ಗಿಂಡಿಗೆ ಹೋಗುತ್ತದಾ ಎಂದು ತಮಿಳಿನಲ್ಲಿ ಕೇಳಿ, ಉತ್ತರ ಅರ್ಥ ಮಾಡಿಕೊಂಡು, ಸೀಟು ಹಿಡಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತುಟಿಯಲ್ಲಿ ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಪಕ್ಕದಲ್ಲಿ ಕೂತ ಹೆಂಗಸು ತಮಿಳಿನಲ್ಲಿ ವಿಚಾರಿಸಿದಳು.

"ಪರೀಕ್ಷೆಯಾ?"

"ಆಮಾ" ಎಂದಳು ವೀಕ್ಷಾ. ಹೌದು.

ಅವನ ಆಫೀಸಿನ ಗೇಟಿನ ಎದುರಿಗೆ ಒಂದು ಚಹಾದ ಅಂಗಡಿ, ಅಂಗಡಿಯ ಮುಂದೆ ಒಂದು ಮರದ ಬೆಂಚು. ಆರು ಗಂಟೆಗೆ ಗುರುಚರಣ ಹೊರಬಂದ. ಅವಳನ್ನು ನೋಡಿ ನಿಂತುಬಿಟ್ಟ.

"ಇಲ್ಲಿ... ಹೇಗೆ ಬಂದಿರಿ?" ತಮಿಳಿನಲ್ಲಿ ಕೇಳಿದ.

"ಬಸ್ಸಿನಲ್ಲಿ" ಎಂದು ಅವಳೂ ತಮಿಳಿನಲ್ಲೇ ಹೇಳಿದಳು. ಆಮೇಲೆ ಒಂದೇ ಉಸಿರಿಗೆ ಶುರುಮಾಡಿದಳು. "ನಮ್ಮ ಮೆಸ್ಸಿನಲ್ಲಿ ಊಟ ಮಾಡುವವರು ಇರುವಾಗ ಮನೆಯವರು ಕೂರುವುದಿಲ್ಲ. ಚಿಕ್ಕಪ್ಪ ಕೂರುವುದಿಲ್ಲ. ನಾನೂ ಕೂರುವುದಿಲ್ಲ. ಯಾರು ಕರೆದರೂ ಇಲ್ಲ ಅನ್ನುತ್ತೇನೆ. ಅಜ್ಜಿ ಏನು ಕೇಳಿದರು ಅಂತ ನನಗೆ ಗೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ಗೊತ್ತಾಯಿತು."

ಅಷ್ಟು ಉದ್ದದ ತಮಿಳು ಅವಳು ಈವರೆಗೆ ಆಡಿರಲಿಲ್ಲ. ನಡುವೆ ಎರಡು ಕಡೆ ತಪ್ಪಿತ್ತು. ಅವನು ತಿದ್ದಲಿಲ್ಲ.

"ಹಾಗಾದರೆ... ಐದು ತಿಂಗಳು ನಾನು ದಿನಾ ಕುರ್ಚಿ ತೋರಿಸಿದ್ದು?"

"ದಿನಾ ಕೂರಬೇಕು ಅನ್ನಿಸುತ್ತಿತ್ತು."

ವೀಕ್ಷಾ ಸುತ್ತ ನೋಡಿದಳು. ಚಹಾದವನು ಗ್ಲಾಸು ತೊಳೆಯುತ್ತಿದ್ದ.

"ಇದು ನಮ್ಮ ಅಂಗಡಿಯಲ್ಲ" ಎಂದಳು. ಹೋಗಿ ಬೆಂಚಿನ ಒಂದು ತುದಿಯಲ್ಲಿ ಕೂತಳು. ಪಕ್ಕದ ಜಾಗವನ್ನು ಅಂಗೈಯಲ್ಲಿ ಒರೆಸಿದಳು. "ಉಟ್ಕಾರುಂಗ."

ಅವನು ಬಂದು ಕೂತ. ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ.

"ಈಗ ನಾ ಒಂದ್ ಕೇಳ್ತೆ" ಎಂದಳು ವೀಕ್ಷಾ, ಕನ್ನಡದಲ್ಲಿ. "ನಿಮ್ಗೆ ಕನ್ನಡ ಗೊತ್ತಿದ್ದೂ ನನ್ನ ಹತ್ರ ಒಂದ್ ಮಾತೂ ಆಡುದಿಲ್ಲ. ಎಂತಕ್ಕೆ? ನಾಚಿಕೆಯಾ ನಮ್ಮ ಭಾಷೆ?"

ಗುರುಚರಣ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಬಾಯಿ ತೆರೆದ, ಮುಚ್ಚಿದ.

"ನಾಚಿಕೆ ಭಾಷೆ ಮೇಲೆ ಅಲ್ಲ... ನನ್ನ ಮೇಲೆ" ಎಂದ.

ಕನ್ನಡ. ಗಟ್ಟಿಯಾಗಿ, ಒಂದೊಂದೇ ಅಕ್ಷರ ಎತ್ತಿಟ್ಟ ಹಾಗೆ.

"ಹತ್ತು ವಯಸ್ಸು ಇರುವಾಗ ಉಡುಪಿಯಲ್ಲಿ ಒಂದು ಕಲ್ಯಾಣ... ಮದುವೆ. ಅಲ್ಲಿ ನಾನು ಪಾಯಸ ಕೇಳಿದೆ. ನಾನು ಕೇಳಿದ ರೀತಿಗೆ ಹುಡುಗರು ಎಲ್ಲಾ ಸಿರಿಚ... ನಕ್ಕರು. ಮರುಪಡಿ... ಮತ್ತೆ ಹೇಳು, ಮತ್ತೆ ಹೇಳು ಅಂತ ಹೇಳಿಸಿ ಹೇಳಿಸಿ ನಕ್ಕರು. ಅಪ್ಪುರಂ... ಆಮೇಲೆ ಪಾಟಿ, ಅಜ್ಜಿ ಹತ್ರ ಕೂಡ ಕನ್ನಡ ಆಡಲಿಲ್ಲ. ನಿಮ್ಮ ಹತ್ರ ಹೇಗೆ ಆಡೋದು? ನೀವು ನಕ್ಕರೆ..."

ಅವನ ಕಿವಿ ಕೆಂಪಾಗಿತ್ತು. ಮಾತು ಅವಸರವಾಗಿ ಒಂದರ ಮೇಲೊಂದು ಬೀಳುತ್ತಿತ್ತು.

"ಮೆದುವಾ" ಎಂದಳು ವೀಕ್ಷಾ.

ಅವನು ಮಾತು ನಿಲ್ಲಿಸಿದ. ಉಸಿರು ತೆಗೆದುಕೊಂಡ.

"ನಿಮ್ಮನ್ನ ಮದುವೆ ಮಾಡ್ಕೊಳ್ಳಬೇಕು ಅಂತ ಆಸೆ. ಪಾಟಿಗೆ ಮಾತ್ರ ಅಲ್ಲ. ನನಗೆ."

ಅವಳು ನಗಲಿಲ್ಲ. ಕಣ್ಣು ತುಂಬಿದ್ದರಿಂದ ರಸ್ತೆಯ ಕಡೆ ತಿರುಗಿ ಬಸ್ಸುಗಳನ್ನು ನೋಡಿದಳು. ಹಾದುಹೋದ ಒಂದು ಬೋರ್ಡಿನ ಮೊದಲ ಅಕ್ಷರ ಅವಳಿಗೆ ಓದಲು ಬಂತು.

"ಅಜ್ಜಿಗೆ ಬೇಜಾರಾಯ್ತಾ?"

"ಆ ಹೂವು ದೇವರಿಗೆ ಹಾಕಿದಳು. ಒಂದು ಮಾತು ಆಡಲಿಲ್ಲ."

"ಬರೂ ಭಾನುವಾರ ಇನ್ನೊಂದ್ ಸಲ ಕರ್ಕಂಡ್ ಬನ್ನಿ. ಮಧ್ಯಾಹ್ನಕ್ಕೆ ಬೇಡ. ಮೂರೂವರೆಗೆ. ಅಷ್ಟೊತ್ತಿಗೆ ಕಡೇ ಪಂಕ್ತಿ ಎದ್ದಿರತ್ತ್, ಹಾಲ್ ಗುಡ್ಸಿ ಆಗಿರತ್ತ್. ನಾನೇ ಎರಡ್ ಎಲೆ ಹಾಕ್ತೆ, ಅಜ್ಜಿಗ್ ಒಂದ್, ಪಕ್ಕ ನಂಗ್ ಒಂದ್."

ಗುರುಚರಣ ತಣ್ಣಗಾದ ಚಹಾ ಎತ್ತಿ ಒಂದು ಗುಟುಕು ಕುಡಿದ. ಮನಸ್ಸಿನೊಳಗೆ ಮಾತನ್ನು ಜೋಡಿಸುತ್ತಿದ್ದದ್ದು ಅವನ ಹುಬ್ಬಿನಲ್ಲಿ ಕಾಣುತ್ತಿತ್ತು. ಅವಳು ಕಾದಳು.

"ಎರಡು ಅಲ್ಲ" ಎಂದ ಕೊನೆಗೆ. "ಮೂರು ಎಲೆ."

"ಸರಿ" ಎಂದಳು ವೀಕ್ಷಾ. "ಮೂರು."