ನೂರಿಪ್ಪತ್ತು ಎಳೆಯ ಟಯರು

“ಬ್ರೇಕ್ ಹಿಡಿ ವಂದನಾ! ಹಾಲು ಸೋರಾಕತ್ತೈತಿ!”

ಸೈಕಲ್ ಕೋಚ್ ಸಿದ್ದಾರೂಢ ಸರ್ ಹಿಂದಿನಿಂದ ಕೂಗಿದರು. ವಂದನಾ ಬ್ರೇಕ್ ಹಿಡಿಯುವಷ್ಟರಲ್ಲಿ ಮುಂದಿನ ಚಕ್ರ ಬುಸ್ ಎಂದು ಕುಸಿಯಿತು. ಅವಳೊಂದು ಕಡೆ, ಸೈಕಲ್ ಒಂದು ಕಡೆ.

ಮೊಣಕೈ ತರಚಿತ್ತು. ಆದರೆ ಅವಳ ಕಣ್ಣು ಹೋದದ್ದು ಟಯರಿನ ಕಡೆಗೆ. ಅದು ಟ್ಯೂಬಿಲ್ಲದ ಟಯರು. ಒಳಗೆ ಹಾಲಿನಂಥ ಅಂಟು ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಆ ಅಂಟೇ ತೂತು ಮುಚ್ಚುತ್ತದೆ. ಇವತ್ತು ಮಾತ್ರ ಚೂಪು ಕಲ್ಲೊಂದು ಟಯರಿನ ಪಕ್ಕೆಯನ್ನೇ ಸೀಳಿಬಿಟ್ಟಿತ್ತು. ಅಂಟೆಲ್ಲ ಜಮಖಂಡಿ ಗುಡ್ಡದ ಕಲ್ಲಿಗೆ ಅಭಿಷೇಕವಾಯಿತು.

“ಯಾರ ಆರಿಸ್ಯಾರ ಈ ಟಯರ?” ಸರ್ ಕೇಳಿದರು.

“ನಮ್ಮ ಮುತ್ಯಾ ರೀ ಸರ್.”

“ಟಯರೇನೋ ಛಲೋನ ಐತಿ. ಆದ್ರ ಒಳಗಿನ ಬಟ್ಟ್ಯಾಗ ಇಂಚಿಗೆ ನೂರಿಪ್ಪತ್ತು ಎಳಿ. ಎಳಿ ಜಾಸ್ತಿ ಅಂದ್ರ ಒಂದೊಂದು ಎಳಿ ಸಣ್ಣ. ಮಣ್ಣಿನ ಹಾದ್ಯಾಗ ಹಗುರಾಗಿ ಓಡತೈತಿ. ಈ ಕಲ್ಲಿಗೆ ಅರವತ್ತರದು ಬೇಕು. ದಪ್ಪ ಎಳಿ, ಗಟ್ಟಿ ಪಕ್ಕಿ. ರವಿವಾರ ಜಿಲ್ಲಾ ಟೀಮಿನ ಸೆಲೆಕ್ಷನ್ ಇದ ಗುಡ್ಡದಾಗ ಐತಿ. ಅಷ್ಟರೊಳಗ ಬದಲಿ ಮಾಡ್ಸು.”

ಬದಲಿ ಮಾಡಿಸುವುದೇನೂ ಕಷ್ಟವಲ್ಲ. ಮುತ್ಯಾನಿಗೆ ಹೇಳುವುದೇ ಕಷ್ಟ.

ಮುತ್ಯಾ, ಅಂದರೆ ಅವಳ ಅಜ್ಜ ರಾಮಣ್ಣ, ಬನಹಟ್ಟಿಯ ಹಳೇ ನೇಕಾರ. ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಸೀರೆ ಆರಿಸಲು ಅವನನ್ನೇ ಕರೆದುಕೊಂಡು ಹೋಗುತ್ತಾರೆ. ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ, “ಎಳಿ ಕಮ್ಮಿ, ಬ್ಯಾಡ” ಎಂದರೆ ಮುಗಿಯಿತು. ಅಂಗಡಿಯವನೂ ಎದುರಾಡುವುದಿಲ್ಲ.

ಟಯರಿನ ರಬ್ಬರಿನೊಳಗೂ ಬಟ್ಟೆ ಇರುತ್ತದೆ, ಅದರಲ್ಲಿ ಇಂಚಿಗೆ ಎಷ್ಟು ಎಳೆ ಎಂದು ಮೇಲೇ ಬರೆದಿರುತ್ತಾರೆ ಎಂದು ಗೊತ್ತಾದಾಗ ಮುತ್ಯಾನಿಗೆ ಸ್ವರ್ಗಕ್ಕೆ ಮೂರೇ ಗೇಣು. “ಎಳಿ ಹೆಚ್ಚಿದ್ದಷ್ಟೂ ಬಟ್ಟಿ ಛಲೋ! ನನಗ ಕಲಸ್ತೀಯೇನ?” ಎಂದು ಸೈಕಲ್ ಅಂಗಡಿಯ ಮುರಗೆಪ್ಪನ ಬಾಯಿ ಮುಚ್ಚಿಸಿದ್ದ. ಬಸ್ಸಿನಲ್ಲಿ ಆ ಟಯರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

ಅಂಥ ಮುತ್ಯಾನಿಗೆ ‘ಎಳೆ ನಿನಗೇ ತಿಳಿಯಲಿಲ್ಲ’ ಎನ್ನುವುದು ಹೇಗೆ? ವಂದನಾಳಿಗೆ ಅಳುವೇ ಬಂತು.

ಮನೆಗೆ ಬಂದವಳೇ ತುಂಬುತೋಳಿನ ಅಂಗಿ ಹಾಕಿಕೊಂಡಳು. “ಮುಳ್ಳ ಚುಚ್ಚಿ ಟಯರ ಹೋತು, ಮುತ್ಯಾ.”

“ಹೋದ್ರ ಹೋಗ್ಲಿ ಬಿಡ. ನಾಳಿ ಅಂಥಾದ್ದ ಇನ್ನೊಂದ ತರೂಣು!”

ಈಗ ಬಿಸಿ ತುಪ್ಪ ಬಾಯಲ್ಲಿ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಜಮಖಂಡಿಗೆ ಹೋದರು. “ನೂರಿಪ್ಪತ್ತರದ ಕೊಡಪಾ,” ಎಂದ ಮುತ್ಯಾ, ಅಂಗಡಿಯ ಮೆಟ್ಟಿಲು ಹತ್ತುತ್ತಲೇ. ಮುರಗೆಪ್ಪ ಏನೋ ಹೇಳಹೋಗಿ, ಹೋದ ಸಲದ ನೆನಪಾಗಿ ಸುಮ್ಮನೆ ತೆಗೆದುಕೊಟ್ಟ. ಮುತ್ಯಾ ಟಯರನ್ನು ತಿಕ್ಕಿ ನೋಡಿ ಖುಷಿಯಾದ.

“ಕಟ್ಟಲೇನ್ರಿ ಕಾಕಾರ?”

“ಬ್ಯಾಡ!” ವಂದನಾ ಕೂಗಿಯೇಬಿಟ್ಟಳು. “ಮುತ್ಯಾ, ಅದು ಮುಳ್ಳಲ್ಲ, ಕಲ್ಲು. ಪಕ್ಕಿ ಹರದೈತಿ. ನೂರಿಪ್ಪತ್ತರದು ಸಣ್ಣ ಎಳಿ ಅಂತ, ಕಲ್ಲಿಗೆ ತಡಿಯೂದಿಲ್ಲಂತ. ಅರವತ್ತರದು ತೊಗೊ ಅಂದಾರ ಸರ್.”

ಮುತ್ಯಾ ಕೈಯಲ್ಲಿದ್ದುದನ್ನು ಕೆಳಗಿಟ್ಟ. ಅರವತ್ತರದನ್ನು ಕೇಳಿ ತೆಗೆಸಿ, ಅದರ ಪಕ್ಕೆಯನ್ನು ಬಹಳ ಹೊತ್ತು ಹಿಚುಕಿ ನೋಡಿದ. ಮುರಗೆಪ್ಪನಿಗೆ ಆಗಲೇ ಗಾಜು ಒರೆಸುವ ಕೆಲಸ ನೆನಪಾಯಿತು.

“ದಪ್ಪ ಎಳಿ,” ಎಂದ ಮುತ್ಯಾ ಕೊನೆಗೆ. “ಅದು ಸೀರಿ, ಇದು ಜಮಖಾನಿ. ಸೀರಿ ಆರಿಸೂ ಕೈಲೆ ಟಯರ ಆರಿಸೇನಿ ನಾ. ಇದನ್ನ ಕಟ್ಟಪಾ.”

ಅಂಗಡಿಯಿಂದ ಹೊರಬಂದವನೇ ಹಿಂದೆ ನೋಡದೆ ಬಿರಬಿರನೆ ನಡೆದ.

“ಸಿಟ್ಟ ಬಂತೇನ ಮುತ್ಯಾ?”

“ಬಂತು.” ಮುತ್ಯಾ ನಿಂತ. “ಬಿದ್ದಿದ್ದೇನ?”

ವಂದನಾ ತೋಳು ಸರಿಸಿ ಮೊಣಕೈ ತೋರಿಸಿದಳು. ಮುತ್ಯಾ ಗಾಯಕ್ಕೆ ತಾಗದಂತೆ ಅದರ ಸುತ್ತ ಬೆರಳಾಡಿಸಿದ.

“ನಿನ್ನೇನ ಯಾಕ ಹೇಳಲಿಲ್ಲ ಬೇ?”

“ನಿನಗ ಬ್ಯಾಸರ ಆಗತೈತಿ ಅಂತ. ಎಲ್ಲಾರೂ ನಿನ್ನ ಕೇಳೇ ಸೀರಿ ತೊಗೋತಾರಲ್ಲ…”

“ನನ್ನ ಶ್ಯಾಣ್ಯಾತನಾ ತೊಗೊಂಡು ಉಪ್ಪಿನಕಾಯಿ ಹಾಕ್ಲೇನ? ರವಿವಾರ ಅಂಥಾ ಟಯರ ಮ್ಯಾಲ ಮತ್ತ ಆ ಗುಡ್ಡ ಇಳದಿದ್ರ ನೀನು…”

ಮುತ್ಯಾ ಅವಳ ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದು ಬೇರೆ ಕಡೆ ನೋಡಿದ.

ಈ ಮುಖ ಸಣ್ಣದಾದೀತೆಂದೇ ವಂದನಾ ನಿನ್ನೆಯಿಂದ ಹೆದರಿದ್ದಳು. ಈಗ ಅದು ಸಣ್ಣದಾಗಿತ್ತು. ಆದರೆ ಟಯರಿನ ಸಲುವಾಗಿ ಅಲ್ಲ.

ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ರಸ್ತೆ ದಾಟಬೇಕಿತ್ತು. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಮುತ್ಯಾ ಅವಳ ಕೈ ಹಿಡಿದ. ಬೇರೆ ದಿನವಾಗಿದ್ದರೆ ವಂದನಾ, “ನಾ ಏನ ಸಣ್ಣಾಕಿ ಏನ?” ಎಂದು ಕೊಸರಿಕೊಳ್ಳುತ್ತಿದ್ದಳು. ಇವತ್ತು ಇನ್ನೊಂದು ತೋಳಿಗೆ ಟಯರು ಸಿಕ್ಕಿಸಿಕೊಂಡು ಜೊತೆಗೇ ನಡೆದಳು. ರಸ್ತೆ ದಾಟಿದ ಮೇಲೂ ಕೈ ಬಿಡಿಸಿಕೊಳ್ಳಲಿಲ್ಲ.